ಅಧ್ಯಕ್ಷರು ಬದಲಾದರೂ ವೇದಿಕೆ ನಿಲ್ಲದಂತೆ ಮಾಡಿದ್ದು ಹೇಗೆ: ನನ್ನ ಅನುಭವ

ಹಿರಿಯ ನಾಗರಿಕರ ವೇದಿಕೆಗಳಲ್ಲಿ ಅಧ್ಯಕ್ಷರು ಬದಲಾಗುವುದು ಹೆಚ್ಚಾಗಿ ಎರಡೇ ಸಂದರ್ಭದಲ್ಲಿ: ಅವರು ಹಾಸಿಗೆ ಹಿಡಿದಾಗ, ಇಲ್ಲವೇ ತೀರಿಕೊಂಡಾಗ. ಆಮೇಲೆ ಅರ್ಧ ವರ್ಷ ಚೆಕ್ಕಿಗೆ ಸಹಿ ಹಾಕುವವರಿಲ್ಲ, ನಡಾವಳಿ ಪುಸ್ತಕ ಯಾರ ಮನೆಯ ಬೀರುವಿನಲ್ಲಿದೆಯೋ ಗೊತ್ತಿಲ್ಲ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಫೋನ್ ನಂಬರ್ ಅವರ ಜೊತೆಗೇ ಹೋಯಿತು. ನಮ್ಮ ವಾರ್ಡಿನ ವೇದಿಕೆಯಲ್ಲಿ ಈಗ ಸಾಲಾಗಿ ಮೂವರು ಅಧ್ಯಕ್ಷರು ಅವಧಿ ಮುಗಿಸಿ, ಗಟ್ಟಿಮುಟ್ಟಾಗಿ ಇರುವಾಗಲೇ ಕುರ್ಚಿ ಬಿಟ್ಟುಕೊಟ್ಟಿದ್ದಾರೆ. ಒಂದು ತಿಂಗಳೂ ಕೆಲಸ ನಿಂತಿಲ್ಲ. 'ದೊಡ್ಡವರನ್ನ ಇಳಿಸೋದು ಮರ್ಯಾದೆ ಅಲ್ಲ, ಈ ವಯಸ್ಸಿಗೆ ಚುನಾವಣೆ ಇಟ್ರೆ ಮನಸ್ತಾಪ ಅಷ್ಟೇ ಉಳಿಯೋದು' ಅಂದವರೇ ಈಗ ನಮ್ಮ ಬೈಲಾ (ಸಂಘದ ನಿಯಮಾವಳಿ) ಪ್ರತಿ ಕೇಳಿಕೊಂಡು ಬರುತ್ತಿದ್ದಾರೆ. ಹಾಗಾಗಿ ಮಾಡಿದ್ದನ್ನು ಮಾಡಿದ ಹಾಗೆ ಬರೆದಿಡುತ್ತಿದ್ದೇನೆ.

ಸಂಘ ನೋಂದಣಿ, ಕೋರಂ, ಸರ್ವಸದಸ್ಯರ ಸಭೆ ಇವೆಲ್ಲ ಓದುವವರಿಗೆ ಗೊತ್ತೇ ಇರುತ್ತದೆ, ಅದಕ್ಕೆ ಹೋಗುವುದಿಲ್ಲ. ನಮ್ಮ ಕೆಲಸ ಮೂರು: ಮತದಾರರ ಪಟ್ಟಿ ಶುದ್ಧ ಮಾಡುವುದು, ಚುನಾವಣೆ ಬಂದಾಗ ಎಲ್ಲ ಪಕ್ಷದ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆಸುವುದು, ಉಳಿದ ದಿನಗಳಲ್ಲಿ ವಾರ್ಡಿನ ಅರ್ಜಿಗಳ ಬೆನ್ನು ಹತ್ತುವುದು. ಸದಸ್ಯರು ನೂರೈವತ್ತರ ಆಸುಪಾಸು. ಕಾಂಗ್ರೆಸ್ಸಿನವರು, ಬಿಜೆಪಿಯವರು, ಜೆಡಿಎಸ್‌ನವರು ಎಲ್ಲರೂ ಇದ್ದಾರೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಪಕ್ಷದಲ್ಲಿ ಪದಾಧಿಕಾರಿ ಆಗಿರುವವರು ಇಲ್ಲಿ ಪದಾಧಿಕಾರಿ ಆಗುವಂತಿಲ್ಲ ಎಂಬ ಒಂದು ಕಟ್ಟು ಮಾತ್ರ ಬೈಲಾದಲ್ಲಿದೆ. ಸದಸ್ಯರಾಗಿರಲು ಅಡ್ಡಿಯಿಲ್ಲ.

ಮೊದಲು ಅವಿರೋಧ ಆಯ್ಕೆ ಇತ್ತು. ಅದು ನೋಡಲು ಚಂದ, ಒಳಗೆ ಟೊಳ್ಳು. ಹಿಂದಿನ ದಿನ ನಾಲ್ಕು ಜನ ಕೂತು ಹೆಸರು ತೀರ್ಮಾನ ಮಾಡುತ್ತಾರೆ, ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಮನೆಗೆ ಹೋಗುವ ದಾರಿಯಲ್ಲಿ ಗೊಣಗಾಟ ಶುರು. ಆಮೇಲೆ ಚೀಟಿ ಎತ್ತುವುದನ್ನು ತಂದೆವು. ಜಗಳ ನಿಂತಿತು ನಿಜ, ಆದರೆ ಚೀಟಿಯಲ್ಲಿ ಬಂದ ಅಧ್ಯಕ್ಷರಿಗೆ ಕೆಲಸದ ಮೇಲೆ ಮನಸ್ಸಿಲ್ಲ, ಸದಸ್ಯರಿಗೆ ಅವರ ಮೇಲೆ ಹಕ್ಕಿಲ್ಲ. ಕೈ ಎತ್ತಿಸಿದ್ದು ಎಲ್ಲಕ್ಕಿಂತ ಕೆಟ್ಟದಾಯಿತು. ದಿನಾ ಒಟ್ಟಿಗೆ ವಾಕಿಂಗ್ ಹೋಗುವ ಗೆಳೆಯರು ಎದುರುಬದುರು ಕೈ ಎತ್ತಬೇಕಾಗಿ ಬಂದು, ಕೆಲವರು ಆ ವರ್ಷವಿಡೀ ಸಭೆಗೆ ಬರಲಿಲ್ಲ.

ಕೊನೆಗೆ ನಿಂತದ್ದು ಹೀಗೆ. ಅಧ್ಯಕ್ಷರ ಅವಧಿ ಎರಡು ವರ್ಷ, ಅದೇ ಹುದ್ದೆಗೆ ಮರು ಆಯ್ಕೆ ಇಲ್ಲ. ಒಂದು ವರ್ಷ ಮುಗಿಯುತ್ತಿದ್ದಂತೆ ಮುಂದಿನವರ ಆಯ್ಕೆ ನಡೆಯುತ್ತದೆ, ಅವರು 'ನಿಯೋಜಿತ ಅಧ್ಯಕ್ಷರು'. ಉಳಿದ ಒಂದು ವರ್ಷ ಅವರು ಪ್ರತಿ ಸಭೆಯಲ್ಲಿ ಅಧ್ಯಕ್ಷರ ಬಲಗಡೆ ಕೂರುತ್ತಾರೆ, ಕಚೇರಿಗಳಿಗೆ ಜೊತೆಗೇ ಹೋಗುತ್ತಾರೆ. ಇಳಿದವರು ಆರು ತಿಂಗಳು 'ನಿಕಟಪೂರ್ವ ಅಧ್ಯಕ್ಷರು' ಆಗಿ ಕಾರ್ಯಕಾರಿ ಸಮಿತಿಯಲ್ಲಿ ಇರುತ್ತಾರೆ, ಮಾತಾಡಬಹುದು, ಮತವಿಲ್ಲ. ಆರು ತಿಂಗಳ ಆಚೆಗೆ ಒಂದು ದಿನವೂ ಬೇಡ. ಒಮ್ಮೆ ಪ್ರೀತಿಯಿಂದ ಒಂದು ವರ್ಷಕ್ಕೆ ವಿಸ್ತರಿಸಿದಾಗ ವೇದಿಕೆಗೆ ಇಬ್ಬರು ಅಧ್ಯಕ್ಷರಾದರು, ಯಾವ ಅರ್ಜಿಗೆ ಯಾರ ಸಹಿ ಎಂಬುದೇ ಗೊಂದಲವಾಯಿತು.

ಒಂದು ವರ್ಷ ಮೊದಲೇ ಆಯ್ಕೆ ಮಾಡುವುದರ ದೊಡ್ಡ ಲಾಭ, ಸೋತವರಿಗೂ ಆಗುವುದು. ಸೋತ ದಿನವೇ ಗೆದ್ದವರು ಕುರ್ಚಿ ಹತ್ತುವುದಿಲ್ಲ. ಹಳೇ ಅಧ್ಯಕ್ಷರೇ ಇನ್ನೊಂದು ವರ್ಷ ನಡೆಸುತ್ತಾರೆ, ಅಷ್ಟರಲ್ಲಿ ಬಿಸಿ ಆರಿರುತ್ತದೆ. ಸೋತವರಿಗೆ ಆ ವಾರದೊಳಗೇ ಒಂದು ನಿರ್ದಿಷ್ಟ ಕೆಲಸ ವಹಿಸುತ್ತೇವೆ. ಯಾವ ಕೆಲಸ, ಹೇಗೆ ಕೇಳಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತಾದರೆ ಕೆಲಸ ಮಾಡುವುದಿಲ್ಲ.

ಮತಪತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಮೊದಲ ಸಲ ಹೆಸರುಗಳ ಮುಂದೆ ಚೌಕ ಹಾಕಿ, ಬಾಲ್‌ಪೆನ್ ಕೊಟ್ಟು, ಗುರುತು ಹಾಕಿ ಎಂದೆವು. ಕೈ ನಡುಗುವವರ ಗುರುತು ಎರಡು ಚೌಕದ ನಡುವೆ ಬಿತ್ತು. ಹತ್ತಕ್ಕೆ ಒಂದರಂತೆ ಮತ ಅಸಿಂಧು. ಗೆಲುವಿನ ಅಂತರ ಅದಕ್ಕಿಂತ ಕಡಿಮೆ ಇದ್ದರೆ ಏನಾಗುತ್ತದೆ ಊಹಿಸಿ. ಎರಡನೇ ಸಲ ಅಭ್ಯರ್ಥಿಗೊಂದು ಬಣ್ಣದ ಚೀಟಿ ಕೊಟ್ಟೆವು: ಬೇಕಾದದ್ದನ್ನು ಪೆಟ್ಟಿಗೆಗೆ ಹಾಕಿ, ಉಳಿದದ್ದನ್ನು ಬಿಡಿ. ಕಣ್ಣಿಗೆ ಪೊರೆ ಬಂದವರಿಗೆ ಬಿಳಿ ಮತ್ತು ತಿಳಿಹಳದಿ ಒಂದೇ, ಕಡುನೀಲಿ ಮತ್ತು ಕಪ್ಪು ಒಂದೇ. ಜೊತೆಗೆ ಉಳಿದ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಬಂದರು, ಯಾರಿಗೆ ಹಾಕಿದರೆಂದು ಹಿಂದಿನವರಿಗೆ ಗೊತ್ತಾಯಿತು. ಈಗ ಬಳಸುವುದು ಮದುವೆ ಕಾರ್ಡಿನಷ್ಟು ದಪ್ಪದ ಕಾಗದದ ಚೀಟಿ, ಅಂಗೈ ಅಗಲ. ಒಬ್ಬರದಕ್ಕೆ ಒಂದು ಮೂಲೆ ಕತ್ತರಿಸಿದ್ದು, ಇನ್ನೊಬ್ಬರದಕ್ಕೆ ನಡುವೆ ಪಂಚಿಂಗ್ ಯಂತ್ರದ ತೂತು, ಮೂರನೆಯವರದಕ್ಕೆ ಏನೂ ಇಲ್ಲ. ಹೆಸರು ದೊಡ್ಡ ಅಕ್ಷರದಲ್ಲಿ, ಒಂದು ಚೀಟಿಗೆ ಒಂದೇ ಹೆಸರು. ಬೆರಳಲ್ಲಿ ಮುಟ್ಟಿದರೇ ಗೊತ್ತಾಗುತ್ತದೆ. ಮತ ಹಾಕುವ ಮರೆಯ ಹಿಂದೆ ಬೀಗದ ಪೆಟ್ಟಿಗೆ ಒಂದು, ಬಾಯಿ ಕಟ್ಟಿದ ಬಟ್ಟೆ ಚೀಲ ಇನ್ನೊಂದು. ಆಯ್ದ ಚೀಟಿ ಪೆಟ್ಟಿಗೆಗೆ, ಉಳಿದವು ಚೀಲಕ್ಕೆ. ಎಣಿಕೆ ಮುಗಿದ ಮೇಲೆ ಪೆಟ್ಟಿಗೆಯದೂ ಚೀಲದ್ದೂ ಕೂಡಿದರೆ ಹಂಚಿದ ಲೆಕ್ಕಕ್ಕೆ ಸರಿಹೋಗಬೇಕು. ತಾಳೆ ನೋಡಿದ್ದೂ ಆಯಿತು, ಗುಟ್ಟೂ ಉಳಿಯಿತು. ಅಸಿಂಧು ಮತ ಈಗ ಒಂದೋ ಎರಡೋ. ಈ ಪದ್ಧತಿ ಬೇರೆಲ್ಲೂ ನಾನು ಕಂಡಿಲ್ಲ.

ಸಭೆಯ ಹೊತ್ತು ಬೆಳಿಗ್ಗೆ ಹತ್ತೂವರೆ. ಅದಕ್ಕೆ ಮೊದಲು ಇಟ್ಟರೆ ತಿಂಡಿ-ಮಾತ್ರೆ ಆಗಿರುವುದಿಲ್ಲ, ಮಧ್ಯಾಹ್ನ ಇಟ್ಟರೆ ಸಕ್ಕರೆ ಕಾಯಿಲೆಯವರು ಅರ್ಧಕ್ಕೇ ಎದ್ದು ಹೋಗುತ್ತಾರೆ, ಕೋರಂ ಹೋಗುತ್ತದೆ. ಕುರ್ಚಿ ಅರ್ಧಚಂದ್ರಾಕಾರ. ಮೈಕ್ ದನಿ ಏರಿಸಿದರೆ ಶ್ರವಣ ಸಾಧನ ಹಾಕಿದವರಿಗೆ ಕಿವಿಯಲ್ಲಿ ಗದ್ದಲವೇ ಹೆಚ್ಚು, ಮಾತು ಬಿಡಿಸಿ ಕೇಳುವುದಿಲ್ಲ. ದನಿ ತಗ್ಗಿಸಿ, ಫ್ಯಾನ್ ನಿಧಾನ ಮಾಡಿ, ಮಾತಾಡುವವರ ಮುಖ ಬೆಳಕಿಗೆ ಇರುವಂತೆ ನಿಲ್ಲಿಸಿದರೆ ತುಟಿ ನೋಡಿಯೂ ಹಿಡಿಯುತ್ತಾರೆ.

ಇನ್ನು ಹಣ. ಹುದ್ದೆ ಹಸ್ತಾಂತರದಲ್ಲಿ ಬ್ಯಾಂಕೇ ನಿಜವಾದ ಗಂಟು. ಖಾತೆಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರ ಸಹಿ ಇರಲಿ, ಯಾರಾದರೂ ಇಬ್ಬರದು ಸಾಕು ಎಂದು ಬರೆಸಿ. ಇಬ್ಬರದೇ ಸಹಿ, ಇಬ್ಬರೂ ಕಡ್ಡಾಯ ಎಂದಿದ್ದರೆ ಒಬ್ಬರು ಮಗಳ ಮನೆಗೆ ಅಮೆರಿಕಕ್ಕೆ ಹೋದರೂ ಹಣ ಸಿಕ್ಕಿಬೀಳುತ್ತದೆ. ಸಹಿದಾರರ ಬದಲಾವಣೆಗೆ ಠರಾವಿನ ದೃಢೀಕೃತ ಪ್ರತಿ, ಹೊಸಬರ ಗುರುತಿನ ದಾಖಲೆ, ಫೋಟೋ, ಹಳಬರ ಸಹಿ ಎಲ್ಲ ಒಟ್ಟಿಗೆ ಕೊಡಿ. ಠರಾವಿನಲ್ಲಿ 'ಹೊಸ ಪದಾಧಿಕಾರಿಗಳಿಗೆ ಅಧಿಕಾರ ನೀಡಲಾಗಿದೆ' ಎಂದಷ್ಟೇ ಬರೆದರೆ ವಾಪಸ್ ಬರುತ್ತದೆ. ಖಾತೆ ಸಂಖ್ಯೆ, ಹಳಬರ ಹೆಸರು ತೆಗೆಯುವುದು, ಹೊಸಬರ ಹೆಸರು ಸೇರಿಸುವುದು ಮೂರೂ ಅದರಲ್ಲಿರಬೇಕು. ಎಲ್ಲ ಸರಿಯಿದ್ದರೂ ಎರಡು ಮೂರು ವಾರ ಹಿಡಿಯುತ್ತದೆ. ಆ ವಾರಗಳಿಗಾಗಿ ಖಜಾಂಚಿ ಕೈಯಲ್ಲಿ ಐದು ಸಾವಿರದಷ್ಟು ಚಿಲ್ಲರೆ ವೆಚ್ಚದ ನಗದು ಬಿಡುತ್ತೇವೆ, ರಸೀದಿ ಸಮೇತ.

ಒಟಿಪಿ ಇನ್ನೊಂದು ತಲೆನೋವು. ಖಾತೆಗೆ ಅಧ್ಯಕ್ಷರ ಸ್ವಂತ ನಂಬರ್ ಜೋಡಿಸಿದ್ದರೆ ಅವರು ಇಳಿದ ಮೇಲೂ ಒಟಿಪಿ ಅವರಿಗೇ ಹೋಗುತ್ತಿರುತ್ತದೆ. ವೇದಿಕೆಗೆಂದೇ ಒಂದು ಗುಂಡಿ ಫೋನ್, ಒಂದು ಸಿಮ್ ಇಟ್ಟಿದ್ದೇವೆ. ರೀಚಾರ್ಜ್ ತಪ್ಪಿದರೆ ನಂಬರೇ ಹೋಗುತ್ತದೆ, ಹಾಗಾಗಿ ರೀಚಾರ್ಜ್ ದಿನಾಂಕವನ್ನು ಫೋನಿನ ಬೆನ್ನಿಗೇ ಅಂಟಿಸಿದೆ.

ಚಂದಾ ವರ್ಷಕ್ಕೆ 500 ರೂಪಾಯಿ. 200 ಇದ್ದಾಗ ಅರ್ಧ ಜನ ಕೊಡುತ್ತಿರಲಿಲ್ಲ, 500 ಮಾಡಿದ ಮೇಲೆ ಮುಕ್ಕಾಲು ಪಾಲು ಬರುತ್ತಿದೆ. ಮೊತ್ತಕ್ಕಿಂತ ವಸೂಲಿಯ ದಿನ ಮುಖ್ಯ: ಪಿಂಚಣಿ ಬಂದ ವಾರದಲ್ಲೇ ಕೇಳಬೇಕು. ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲೇ ತಿಂಗಳು ತಳ್ಳುವವರಿಗೆ ಚಂದಾ ಇಲ್ಲ, ಮತ ಇದೆ. ಒಟ್ಟು ವರಮಾನ ಐವತ್ತು ಸಾವಿರದ ಮೇಲೆ ಕೆಳಗೆ. ಸಭಾಂಗಣದ ಬಾಡಿಗೆ, ಚಹಾ-ಬಿಸ್ಕತ್ತಿಗೆ ಅರ್ಧದಷ್ಟು, ಜೆರಾಕ್ಸಿಗೆ ಏಳೆಂಟು ಸಾವಿರ, ಆಡಿಟ್ಟಿಗೆ ನಾಲ್ಕೈದು ಸಾವಿರ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ 13ನೇ ಪ್ರಕರಣದ ಪ್ರಕಾರ ವರ್ಷ ವರ್ಷ ಆಡಳಿತ ಮಂಡಳಿಯ ಪಟ್ಟಿ, ಜಮಾಖರ್ಚು ಸಲ್ಲಿಸಲೇಬೇಕು. ಅಧ್ಯಕ್ಷರು ಬದಲಾದ ವರ್ಷವೇ ಇದು ತಪ್ಪಿಹೋಗುವುದು, ಹಳಬರು ಹೊಸಬರು ಮಾಡುತ್ತಾರೆಂದು, ಹೊಸಬರು ಹಳಬರು ಮಾಡಿರುತ್ತಾರೆಂದು ಬಿಟ್ಟಿರುತ್ತಾರೆ. ನಮ್ಮಲ್ಲಿ ಕೆಲವು ವರ್ಷದ ಬಾಕಿ ತೀರಿಸಲು ದಂಡ, ಓಡಾಟ ಸೇರಿ ಹತ್ತು ಸಾವಿರ ದಾಟಿತು. ಈಗ ಸಲ್ಲಿಕೆಯ ಸ್ವೀಕೃತಿ ಕೈಗೆ ಬರುವವರೆಗೆ ಹಳೇ ಕಾರ್ಯದರ್ಶಿ ಬಿಡುಗಡೆಯಾಗುವಂತಿಲ್ಲ. ಬೈಲಾ ತಿದ್ದುಪಡಿಯೂ ಅಷ್ಟೇ, ಸಭೆಯಲ್ಲಿ ಒಪ್ಪಿದರೆ ಸಾಲದು, ನೋಂದಣಾಧಿಕಾರಿ ಕಚೇರಿಯಲ್ಲಿ ದಾಖಲಾಗುವವರೆಗೆ ಹಳೇ ನಿಯಮದಂತೆಯೇ ನಡೆಯಿರಿ.

ಮತದಾರರ ಪಟ್ಟಿ ಕೆಲಸಕ್ಕೆ ಬರೋಣ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಿಂದ ಭಾಗವಾರು, ಅಂದರೆ ಮತಗಟ್ಟೆವಾರು, ಪಟ್ಟಿ ಇಳಿಸಿ ಮುದ್ರಿಸಿದರೆ ಪುಟಕ್ಕೆ ಮೂವತ್ತು ಹೆಸರು, ಒಂದು ಭಾಗಕ್ಕೆ ಮೂವತ್ತು ನಲವತ್ತು ಪುಟ. ಬೀದಿಗೊಬ್ಬರು ಹಿರಿಯರು. ತೀರಿಕೊಂಡವರಿಗೆ ಅಡ್ಡಗೆರೆ, ಮನೆ ಬಿಟ್ಟವರಿಗೆ ಬಾಣ, ಹೆಸರು-ವಯಸ್ಸು ತಪ್ಪಿದ್ದರೆ ಸುತ್ತು. ಹೊಸ ಸೇರ್ಪಡೆಗೆ ನಮೂನೆ 6, ತೆಗೆಯಲು 7, ತಿದ್ದಲು ಮತ್ತು ಸ್ಥಳಾಂತರಕ್ಕೆ 8. ಐವತ್ತು ನಮೂನೆ ಕಟ್ಟು ಕಟ್ಟಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂಬಾರದು. ಮನೆಯವರೇ ಅವರವರದು ಹಾಕಬೇಕು, ನಾವು ಪಕ್ಕದಲ್ಲಿ ಕೂತು ತುಂಬಿಸುತ್ತೇವೆ. 2022ರಿಂದ ಅರ್ಹತಾ ದಿನಾಂಕ (ಆ ದಿನಕ್ಕೆ ಹದಿನೆಂಟು ತುಂಬಿದವರು ಪಟ್ಟಿಗೆ ಸೇರಬಹುದು) ವರ್ಷಕ್ಕೆ ನಾಲ್ಕು ಆಗಿರುವುದರಿಂದ ನಾವೂ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿಗೆ ಸುತ್ತು ಹೊಂದಿಸಿಕೊಂಡಿದ್ದೇವೆ. ನಗರಸಭೆಯ ವಾರ್ಡ್ ಪಟ್ಟಿ ಬೇರೆ, ಅದು ರಾಜ್ಯ ಚುನಾವಣಾ ಆಯೋಗದ್ದು. ವಿಧಾನಸಭೆ ಪಟ್ಟಿಯಿಂದ ಅದನ್ನು ವಿಂಗಡಿಸುವಾಗ ಇಡೀ ಬೀದಿಯೇ ಪಕ್ಕದ ವಾರ್ಡಿಗೆ ಹೋಗಿಬಿಡುತ್ತದೆ. ಕರಡು ಪ್ರಕಟವಾದ ದಿನವೇ ನೋಡಿ ಆಕ್ಷೇಪಣೆ ಹಾಕಿ.

ಮನೆಯಿಂದ ಮತದಾನದಲ್ಲಿ ನಮ್ಮದು ಒಳ್ಳೇ ಹೆಸರು. 2023ರ ವಿಧಾನಸಭೆ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ ಆ ಅವಕಾಶ ಇತ್ತು. 2024ರ ಲೋಕಸಭೆಗೆ ವಯಸ್ಸನ್ನು 85ಕ್ಕೆ ಏರಿಸಿದರು. ಹಿಂದಿನ ವರ್ಷ ಮನೆಯಲ್ಲೇ ಹಾಕಿದ 82ರವರು 'ಈ ಸಲ ಯಾಕಿಲ್ಲ' ಎಂದು ನಮ್ಮನ್ನೇ ಕೇಳಿದರು. ಅವರಿಗೆ ಗಾಲಿಕುರ್ಚಿ, ಆಟೋ ಹೊಂದಿಸುವುದೇ ಆ ಸಲದ ಕೆಲಸವಾಯಿತು. ಮನೆಯಿಂದ ಮತದಾನಕ್ಕೆ ಹಾಕುವ ಅರ್ಜಿ, ನಮೂನೆ 12ಡಿ, ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ತಲುಪಬೇಕು, ಆ ಐದು ದಿನದಲ್ಲಿ ಹೆಸರು ಹುಡುಕುತ್ತ ಕೂತರೆ ಆಗುವುದಿಲ್ಲ. ಪಟ್ಟಿಯ ವಯಸ್ಸು ನೋಡಿ ಎರಡು ತಿಂಗಳು ಮೊದಲೇ ಹೆಸರು ಬರೆದಿಡಿ, ವಯಸ್ಸು ತಪ್ಪಿದ್ದರೆ ಆಗಲೇ ನಮೂನೆ 8 ಹಾಕಿಸಿ. ಒಮ್ಮೆ 12ಡಿ ಒಪ್ಪಿಗೆಯಾದರೆ ಮತಗಟ್ಟೆಗೆ ಹೋಗಿ ಹಾಕುವಂತಿಲ್ಲ ಎಂಬುದನ್ನು ಮನೆಯವರಿಗೂ ಹೇಳಿರಿ.

ಅಭ್ಯರ್ಥಿಗಳ ಸಭೆಗೆ ಚುನಾವಣಾಧಿಕಾರಿ ಕಚೇರಿಯ ಅನುಮತಿ ಪಡೆದೇ ಮಾಡುತ್ತೇವೆ, ಮತದಾನ ಮುಗಿಯುವ ಹೊತ್ತಿನ ಹಿಂದಿನ 48 ಗಂಟೆಯೊಳಗೆ ಬೀಳದಂತೆ ನೋಡಿಕೊಂಡು. ತಲಾ ಏಳು ನಿಮಿಷ, ಪ್ರಶ್ನೆಗಳು ಬರವಣಿಗೆಯಲ್ಲಿ, ಎತ್ತಿದ ಚೀಟಿಗೆ ಉತ್ತರ. ಕುರ್ಚಿ ಕೊಡಿಸುತ್ತೇವೆ, ಶಾಮಿಯಾನ ಹಾಕಿಸುತ್ತೇವೆ ಎಂದು ಬರುತ್ತಾರೆ. ಒಂದು ಲೋಟ ನೀರೂ ಬೇಡ ಅನ್ನುತ್ತೇವೆ. ಒಬ್ಬರದು ಮುಟ್ಟಿದ ದಿನ ಉಳಿದವರು ಬರುವುದಿಲ್ಲ. ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಹೊತ್ತಿಗೆ ಬರಿಸುವ ಉಪಾಯ ಒಂದಿದೆ, ಮುಂದಿನ ಚುನಾವಣೆಗೂ ಬೇಕಾಗುವುದರಿಂದ ಅದನ್ನು ಇಟ್ಟುಕೊಂಡಿದ್ದೇನೆ.

ನಡುವೆ ಮಾಡಿ ನೋಡಿದ ಇನ್ನೊಂದು ಪ್ರಯೋಗ: ವಾಟ್ಸ್‌ಆ್ಯಪ್ ಗುಂಪಿನ ಬದಲು ಫೋನ್ ಸರಪಳಿ. ಚುನಾವಣೆ ಹೊತ್ತಲ್ಲಿ ಗುಂಪು ಪಕ್ಷಗಳ ವಿಡಿಯೊಗಳಿಂದಲೇ ತುಂಬಿ ಸಭೆಯ ಸೂಚನೆ ಕಾಣುವುದಿಲ್ಲ. ಕಾರ್ಯದರ್ಶಿ ಆರು ಜನರಿಗೆ, ಆ ಒಬ್ಬೊಬ್ಬರು ಇನ್ನು ನಾಲ್ಕೈದು ಜನರಿಗೆ, ಅವರು ಮುಂದಿನ ನಾಲ್ಕೈದು ಜನರಿಗೆ. ಮಧ್ಯೆ ಒಬ್ಬರು ಫೋನ್ ಎತ್ತದಿದ್ದರೆ ಅಲ್ಲಿಗೇ ತುಂಡಾಗುತ್ತಿತ್ತು. ಪ್ರತಿ ಸಾಲಿನ ಕೊನೆಯವರು ಕಾರ್ಯದರ್ಶಿಗೆ ತಿರುಗಿ ಫೋನ್ ಮಾಡಬೇಕು ಎಂದು ಮಾಡಿದ ಮೇಲೆ ಸರಿಹೋಯಿತು. ಸಂಜೆಯೊಳಗೆ ಯಾವ ಸಾಲಿನಿಂದ ಫೋನ್ ಬಂದಿಲ್ಲವೋ ಅಲ್ಲಿ ಯಾರಿಗೋ ಹುಷಾರಿಲ್ಲ ಎಂದೇ ಲೆಕ್ಕ, ಮನೆಗೆ ಹೋಗಿ ನೋಡಿ ಬರುತ್ತೇವೆ.

ಹಸ್ತಾಂತರಕ್ಕೆ ಒಂದು ಕಬ್ಬಿಣದ ಟ್ರಂಕು ಇದೆ. ನೋಂದಣಿ ಪತ್ರ, ಬೈಲಾ, ನಡಾವಳಿ ಪುಸ್ತಕ, ರಸೀದಿ ಪುಸ್ತಕ, ಚೆಕ್‌ಬುಕ್, ಪಾನ್ ಕಾರ್ಡ್, ಮೊಹರು, ಗುರುತು ಹಾಕಿದ ಮತದಾರರ ಪಟ್ಟಿ, ಆ ಗುಂಡಿ ಫೋನ್, ಕಚೇರಿಗಳಲ್ಲಿ ಯಾರನ್ನು ಯಾವ ಹೊತ್ತಿಗೆ ಕಾಣಬೇಕು ಎಂದು ಕೈಬರಹದಲ್ಲಿ ಬರೆದ ನೋಟ್‌ಬುಕ್. ಮುಚ್ಚಳದ ಒಳಗೆ ಪಟ್ಟಿ ಅಂಟಿಸಿದೆ. ಸರ್ವಸದಸ್ಯರ ಸಭೆಯಲ್ಲೇ ಎಲ್ಲರೆದುರು ಒಂದೊಂದೇ ತೆಗೆದು ಓದಿ ಹೇಳಿ ಹೊಸಬರ ಸಹಿ ಪಡೆಯುತ್ತೇವೆ. ಅರ್ಧ ಗಂಟೆ ಹಿಡಿಯುತ್ತದೆ. ಬೀಗದ ಕೈ ಎರಡು: ಒಂದು ಹೊಸ ಅಧ್ಯಕ್ಷರ ಬಳಿ, ಇನ್ನೊಂದು ನಿಯೋಜಿತ ಅಧ್ಯಕ್ಷರು ಆಯ್ಕೆಯಾಗುವವರೆಗೆ ಖಜಾಂಚಿ ಬಳಿ.