ರಾಜಾ ತಲೆ ತಗ್ಗಿಸಿದ್ದು ಯಾಕೆ?

"ತಪ್ಪು ಮಾಡಿದ್ದು ಅವನಿಗೇ ಗೊತ್ತು ನೋಡಿ. ನಾನು ಬಾಗಿಲು ತೆಗೆದ ಕೂಡಲೇ ತಲೆ ತಗ್ಗಿಸಿಬಿಡ್ತಾನೆ." ಮುಲುಂಡಿನ ಅಕ್ಕ ಚಪ್ಪಲಿಯ ಚೂರು ತೋರಿಸಿ ಹೇಳಿದರು. ರಾಜಾ ಅವರು ಬೀದಿಯಿಂದ ತಂದು ಸಾಕಿದ ನಾಯಿ. ಮುಂಬಯಿಯಲ್ಲಿ ನಾಯಿಗಳ ನಡವಳಿಕೆ ನೋಡುವ ನನ್ನ ಕೆಲಸದಲ್ಲಿ ಈ ಮಾತು ಕೇಳದ ವಾರವಿಲ್ಲ.

ಮೊದಲ ದಿನ ನಾನು ರಾಜಾನನ್ನು ಮುಟ್ಟಲಿಲ್ಲ, ಕರೆಯಲೂ ಇಲ್ಲ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಸುಮ್ನೆ ಕೂತೆ. ಅವನು ಬಾಲ ಅಲ್ಲಾಡಿಸುತ್ತಲೇ ಇದ್ದ. ಆದರೆ ಬಾಲ ಕೆಳಗಿತ್ತು, ತುದಿ ಮಾತ್ರ ಬೇಗ ಬೇಗ ಆಡುತ್ತಿತ್ತು. ಕಿವಿ ಹಿಂದಕ್ಕೆ ಅಂಟಿತ್ತು. ಮೈಭಾರವೆಲ್ಲ ಹಿಂಗಾಲಿನ ಮೇಲೆ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಂಡ. ಮತ್ತೆ ಮತ್ತೆ ಆಕಳಿಸಿದ. ಇವುಗಳಲ್ಲಿ ಒಂದನ್ನೇ ಹಿಡಿದು ತೀರ್ಮಾನ ಮಾಡಬಾರದು. ನಿದ್ದೆ ಬಂದರೂ ನಾಯಿ ಆಕಳಿಸುತ್ತದೆ, ಅಲ್ವಾ? ಎಲ್ಲವನ್ನೂ ಒಟ್ಟಿಗೆ ನೋಡಬೇಕು, ಅದಕ್ಕೆ ಮುಂಚೆ ಏನಾಯಿತು ಅಂತಲೂ ನೋಡಬೇಕು. ಹಾಗೆ ನೋಡಿದರೆ ರಾಜಾನದು ಭಯ.

ಆಮೇಲೆ ಒಂದು ವಾರ ಹಳೆ ಮೊಬೈಲ್ ಇಟ್ಟು ವಿಡಿಯೊ ಮಾಡಿಸಿದೆ. ಬುಧವಾರ ರಾಜಾ ಏನನ್ನೂ ಕಚ್ಚಿರಲಿಲ್ಲ. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಸುಸ್ತಾಗಿ ಬಂದ ಅಕ್ಕ ಚೀಲವನ್ನು ಧೊಪ್ಪನೆ ಎಸೆದರು. ಅಷ್ಟಕ್ಕೇ ಅದೇ ತಗ್ಗಿದ ತಲೆ, ಹೆದರಿದಾಗ ಕಣ್ಣಂಚಿನಲ್ಲಿ ಕಾಣುವ ಬಿಳಿ. ವಿಡಿಯೊ ನೋಡಿ ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ, 14 ನಾಯಿಗಳ ಅಧ್ಯಯನದಲ್ಲೂ ಇದೇ ಕಂಡಿತ್ತು. ನಾಯಿ ತಪ್ಪು ಮಾಡಿರಲಿ ಬಿಡಲಿ, ಸಾಕಿದವರು ಗದರಿದಾಗಲೇ ಆ ಮುಖ ಜಾಸ್ತಿ.

ಹಾಗಾದರೆ ಚಪ್ಪಲಿ ಯಾಕೆ? ಬೇಜಾರಿಗೆ ಕಚ್ಚುವ ನಾಯಿ ಸಾಮಾನ್ಯವಾಗಿ ಮೈ ಸಡಿಲ ಬಿಟ್ಟು ಆರಾಮಾಗಿ ಅಗಿಯುತ್ತದೆ. ರಾಜಾ ಹಾಗಲ್ಲ. ಅಕ್ಕ ಹೋದ ಐದೇ ನಿಮಿಷಕ್ಕೆ ಬಾಗಿಲಿಗೂ ಕಿಟಕಿಗೂ ಓಡಾಟ, ಜೊಲ್ಲು, ಕುಂಯ್‌ಗುಟ್ಟುವುದು. ಇಷ್ಟದ ಚಪಾತಿ ಚೂರನ್ನೂ ಮೂಸಲಿಲ್ಲ. ಕೊನೆಗೆ ಅಕ್ಕನ ವಾಸನೆಯ ಚಪ್ಪಲಿಗೆ ಬಾಯಿ ಹಾಕಿದ. ಒಂಟಿಯಾದ ಸಂಕಟ ಅದು, ಹಟವಲ್ಲ.

ನೋವೇನಾದರೂ ಇದೆಯಾ ಅಂತ ಪಶುವೈದ್ಯರಿಗೆ ಮೊದಲೇ ತೋರಿಸಿದ್ದೆವು. ಬೈಯುವುದು ನಿಂತಿತು. ಅಕ್ಕ ಅರ್ಧ ನಿಮಿಷ ಹೊರಗೆ ಹೋಗಿ, ಅವನು ಗಾಬರಿಯಾಗುವ ಮುಂಚೆಯೇ ವಾಪಸ್ ಬರತೊಡಗಿದರು. ಆ ಅರ್ಧ ನಿಮಿಷವನ್ನು ನಿಧಾನಕ್ಕೆ ಬೆಳೆಸಿದೆವು. ಮೂರನೇ ತಿಂಗಳು ಅವರು ಕಳಿಸಿದ ವಿಡಿಯೊದಲ್ಲಿ ರಾಜಾ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕಾಲು ಚಾಚಿ ಮಲಗಿದ್ದ. ಕಿವಿ ಸಡಿಲವಾಗಿತ್ತು. ಲಿಫ್ಟ್ ಸದ್ದಿಗೆ ಒಮ್ಮೆ ಕಣ್ಣು ತೆರೆದು, ಮತ್ತೆ ಮುಚ್ಚಿದ.