ಕಂದಾಯ ಕೇಳಿದರೆ ವೋಟು ಹೋಗುತ್ತೆ ಅಂದರು: ಪುರಸಭೆ ಸದಸ್ಯೆಯಾಗಿ ನನ್ನ ಅನುಭವ

ನಮ್ಮ ವಾರ್ಡಿನ ಹಿಂದಿನ ಬೀದಿಯಲ್ಲಿ ಸುಮಾರು 110 ಮೀಟರ್ ಚರಂಡಿ ಕಟ್ಟಿಸಿದ್ದೇವೆ. ಕಾಂಕ್ರೀಟ್ ಚರಂಡಿ, ಮೇಲೆ ಚಪ್ಪಡಿ. ದುಡ್ಡು ಶಾಸಕರ ನಿಧಿಯಿಂದ ಬಂದದ್ದಲ್ಲ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆಯಿಂದಲೂ ಅಲ್ಲ. ಪುರಸಭೆಯ ಸ್ವಂತ ನಿಧಿಯಿಂದ ಬಂತು. ಆ ನಿಧಿಗೆ ದುಡ್ಡು ತುಂಬಿಸಿದವರು ಅದೇ ಬೀದಿಯವರು, ತಮ್ಮ ಮನೆ ಕಂದಾಯದ ಮೂಲಕ. ಮಂಡ್ಯ ಜಿಲ್ಲೆಯ 23 ವಾರ್ಡಿನ ನಮ್ಮ ಪುರಸಭೆಯಲ್ಲಿ ಇದು ಆಗುವ ಮಾತಲ್ಲ ಅಂತ ಹಿರಿಯ ಸದಸ್ಯರು ಮುಖಕ್ಕೇ ಹೇಳಿದ್ದರು. ಮೂರು ಸಲ ಗೆದ್ದವರೊಬ್ಬರು, "ಕಂದಾಯ ಕೇಳ್ಕೊಂಡು ಮನೆ ಬಾಗ್ಲಿಗೆ ಹೋಗ್ಬೇಡ ಕಣಮ್ಮ, ಇರೋ ವೋಟೂ ಹೋಯ್ತದೆ" ಅಂದರು. ಈಗ ಅವರ ವಾರ್ಡಿನ ಹೆಂಗಸರೇ ಕಂದಾಯಕ್ಕೆ ದುಡ್ಡು ಕೂಡಿಡುವ ನಮ್ಮ ಸ್ವಸಹಾಯ ಸಂಘದ ಪುಸ್ತಕ ನೋಡಲು ಬರುತ್ತಿದ್ದಾರೆ. ಹೊಸದಾಗಿ ನಿಲ್ಲುವವರಿಗೆ, ಮತ್ತೆ ನಿಲ್ಲುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಲೆಕ್ಕಗಳು ನೆನಪಿನಿಂದ ಹೇಳಿದವು, ಸ್ವಲ್ಪ ಆಚೀಚೆ ಇರಬಹುದು.

ನಾವು ಗೆದ್ದದ್ದು 2018ರಲ್ಲಿ. ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಎಣಿಕೆ. ಆಮೇಲೆ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಹೈಕೋರ್ಟ್ ಮೆಟ್ಟಿಲೇರಿತು. 2020ರ ಕೊನೆಯವರೆಗೆ ಆಡಳಿತಾಧಿಕಾರಿಯೇ ಎಲ್ಲ. ಕೈಯಲ್ಲಿ ಗೆದ್ದ ಪ್ರಮಾಣಪತ್ರ ಇದೆ, ಆದರೆ ಕೂರಲು ಸಭೆ ಇಲ್ಲ. ಜನಕ್ಕೆ ಇದು ಅರ್ಥ ಆಗಲ್ಲ. "ಗೆದ್ದಿದ್ದೀರಲ್ಲ ಅಕ್ಕ, ಚರಂಡಿ ಎಲ್ಲಿ?" ಅಂತಾರೆ. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನಮ್ಮಂಥ ಸಂಸ್ಥೆಗಳಿಗೆ 18 ಕೆಲಸ ಬರೆದಿದ್ದಾರೆ. ವಾರ್ಡಿನವರು ಕೇಳೋದು ಐದೇ: ನೀರು, ಚರಂಡಿ, ಬೀದಿ ದೀಪ, ಕಸ, ಖಾತೆ.

ಆ ಎರಡು ವರ್ಷ ನಾನು ಸುಮ್ನೆ ಕೂರಲಿಲ್ಲ. ಕಂದಾಯ ಶಾಖೆಯ ಬೆಂಚಿನ ಮೇಲೆ ಕೂತು ಡಿಸಿಬಿ ವಹಿ ಓದುವುದನ್ನು ಕಲಿತೆ. ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ಬಾಕಿ. ನಮ್ಮ ವಾರ್ಡಿನಲ್ಲಿ ಐನೂರರ ಹತ್ತಿರ ಮನೆ. ವರ್ಷಕ್ಕೆ ಬರಬೇಕಾದದ್ದು ಏಳು ಲಕ್ಷದ ಆಸುಪಾಸು, ಬರುತ್ತಿದ್ದದ್ದು ಎರಡೂವರೆ ಲಕ್ಷ. ಹಳೇ ಬಾಕಿ ಬೇರೆ ಹತ್ತು ಲಕ್ಷದಷ್ಟು. ಈ ಪುಟ ನೋಡಿದ ಮೇಲೆ ನನಗೆ ದಾರಿ ಕಂಡಿತು.

ಇನ್ನೊಂದು ಕಡೆ, ಸ್ವಂತ ನಿಧಿ ಹಂಚುವ ರೀತಿ. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ) ಹಣದಲ್ಲಿ ವಿದ್ಯುತ್ ಬಾಬ್ತಿನದು ವಿದ್ಯುತ್ ಕಂಪನಿ ಚೆಸ್ಕಾಂಗೇ ಹೋಗುತ್ತೆ. ಕೇಂದ್ರ ಹಣಕಾಸು ಆಯೋಗದ ಹಣದ ದೊಡ್ಡ ಪಾಲು ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಮೀಸಲು. ನಾವು ಮಾತಾಡಿ ತೀರ್ಮಾನ ಮಾಡಬಹುದಾದದ್ದು ಸ್ವಂತ ನಿಧಿ ಮಾತ್ರ. ಅದರಲ್ಲೂ ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ತೆಗೆದಿಟ್ಟು ಉಳಿದದ್ದನ್ನು 23 ವಾರ್ಡಿಗೂ ಸಮಪಾಲು ಮಾಡೋದು ಪದ್ಧತಿ. ಒಂದು ವಾರ್ಡಿಗೆ ಹೆಚ್ಚೆಂದರೆ ಎರಡು ಲಕ್ಷ. ಎರಡು ಲಕ್ಷಕ್ಕೆ ಮೂವತ್ತೈದು ಮೀಟರ್ ಚರಂಡಿ. ಒಂದು ವರ್ಷ ಇಲ್ಲಿ ಒಂದು ತುಂಡು, ಮುಂದಿನ ವರ್ಷ ಅಲ್ಲಿ ಒಂದು ತುಂಡು. ಯಾವ ತುಂಡೂ ಇನ್ನೊಂದಕ್ಕೆ ಸೇರಲ್ಲ. ನೀರು ನಡುವೆ ನಿಂತು ಸೊಳ್ಳೆ ಸಾಕುತ್ತೆ. ಇದನ್ನು ನ್ಯಾಯ ಅಂತ ಕರೆಯೋದು ನನಗೆ ಯಾವತ್ತೂ ಒಪ್ಪಿಗೆ ಆಗಲಿಲ್ಲ.

ಮೊದಲ ಪ್ರಯತ್ನ 2021ರ ಏಪ್ರಿಲ್. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಜುಲೈಯಿಂದ ತಿಂಗಳಿಗೆ ಶೇ. 2 ದಂಡ. ಅದನ್ನೇ ಹಿಡಿದು ದೇವಸ್ಥಾನದ ಜಗಲಿಯಲ್ಲಿ ಕಂದಾಯ ಶಿಬಿರ ಇಟ್ಟೆವು. ಬಿಲ್ ಕಲೆಕ್ಟರನ್ನು ಒಪ್ಪಿಸಿ ಕರೆತಂದೆ. ಶಾಮಿಯಾನ, ಮೈಕು, ಕರಪತ್ರ ಎಲ್ಲ ಸೇರಿ ನನ್ನ ಕೈಯಿಂದ ಆರೇಳು ಸಾವಿರ ಹೋಯಿತು. ಅಷ್ಟರಲ್ಲಿ ಕೊರೊನಾ ಎರಡನೇ ಅಲೆ. ಏಪ್ರಿಲ್ 27ಕ್ಕೆ ಎಲ್ಲ ಬಂದ್. ವಸೂಲಾದದ್ದು ನಲವತ್ತು ಸಾವಿರ ಇರಬೇಕು. ಆದರೆ ಬಂದ ಕೆಲವರ ಮಾತಿನಿಂದ ಒಂದು ವಿಷಯ ಗೊತ್ತಾಯಿತು. ಜನ ಕಂದಾಯ ಕಟ್ಟಲ್ಲ ಅನ್ನೋದು ಸುಳ್ಳು. ಒಂದೇ ಸಲ ಒಂದೂವರೆ ಸಾವಿರ ತೆಗೆಯೋದು ಕಷ್ಟ. ಕಬ್ಬಿನ ದುಡ್ಡು ಬಂದಿರಲ್ಲ, ಎದುರಿಗೆ ಸ್ಕೂಲ್ ಫೀಸು. ಮೊತ್ತ ಎಷ್ಟು ಅನ್ನೋದೂ ಅರ್ಧ ಜನಕ್ಕೆ ಗೊತ್ತಿಲ್ಲ. ಒಬ್ಬ ಅಜ್ಜಿ ಚಲನ್ ಹಿಡಿದು, "ಇದೇನವ್ವ, ನನ್ ತಾವ ಭಿಕ್ಷುಕರ ಕರ ಅಂತ ಇಸ್ಕೋತಾ ಇದ್ದೀರಿ?" ಅಂತ ಕೇಳಿದರು. ಕಂದಾಯದ ಮೇಲೆ ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪರಿಹಾರಕ್ಕೆ ಶೇ. 3 ಕರ ಇದೆ ಅಂತ ಬಿಡಿಸಿ ಹೇಳಿದ ಮೇಲೆ ಅಜ್ಜಿ ತಕರಾರಿಲ್ಲದೆ ಕಟ್ಟಿದರು. ಹೇಳುವವರು ಬೇಕು ಅಷ್ಟೇ.

ಆ ವರ್ಷ ಗೌರಿ ಹಬ್ಬ ಮುಗಿದ ಮೇಲೆ ಸ್ವಸಹಾಯ ಸಂಘಗಳ ಹತ್ತಿರ ಹೋದೆ. ವಾರದ ಕಂತು ಕಟ್ಟೋದು ನಮ್ಮ ಹೆಂಗಸರಿಗೆ ಅಭ್ಯಾಸ ಇದ್ದೇ ಇದೆ. ಅದರ ಜೊತೆಗೆ ವಾರಕ್ಕೆ ಐವತ್ತು ರೂಪಾಯಿ, ಕಂದಾಯದ ಹೆಸರಲ್ಲಿ ಬೇರೆ ಪುಸ್ತಕ. ಏಪ್ರಿಲ್ ಹೊತ್ತಿಗೆ ಒಂದು ಮನೆಯ ಕಂದಾಯ ಕೂಡಿರುತ್ತೆ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಂತೆ. ದುಡ್ಡು ನನ್ನ ಕೈಗೆ ಬರಬಾರದು, ಬಿಲ್ ಕಲೆಕ್ಟರ್ ಕೈಗೂ ನಗದಾಗಿ ಹೋಗಬಾರದು. ಸಂಘದ ಖಾತೆಯಲ್ಲಿ ಇರಬೇಕು, ಏಪ್ರಿಲ್‌ನಲ್ಲಿ ಪ್ರತಿ ಮನೆಯವರು ತಮ್ಮ ಚಲನ್ ತಾವೇ ಬ್ಯಾಂಕಿಗೆ ಕಟ್ಟಬೇಕು. ಸದಸ್ಯರು ಕಂದಾಯದ ದುಡ್ಡು ಮುಟ್ಟಿದರು ಅನ್ನೋ ಒಂದು ಮಾತು ಸಾಕು, ಎಲ್ಲ ಮುಗಿಯುತ್ತೆ. ಮೊದಲು ನಾಲ್ಕು ಸಂಘ ಒಪ್ಪಿದವು. ಎರಡು ಸಂಘ ಮಧ್ಯದಲ್ಲೇ ಬಿಟ್ಟವು. ಒಂದರಲ್ಲಿ ಕಂದಾಯದ ಪುಸ್ತಕದಿಂದಲೇ ಮದುವೆಗೆ ಸಾಲ ಕೊಟ್ಟುಬಿಟ್ಟರು. ಆಮೇಲಿಂದ ಆ ಪುಸ್ತಕದಿಂದ ಸಾಲ ಇಲ್ಲ ಅಂತ ಮೊದಲ ಪುಟದಲ್ಲೇ ಬರೆಸಿದೆವು.

ಮೊತ್ತ ಲೆಕ್ಕ ಹಾಕಿಕೊಡಲು ಡಿಪ್ಲೊಮಾ ಓದುವ ಇಬ್ಬರು ಹುಡುಗಿಯರನ್ನು ಹಿಡಿದೆ. ಮನೆ ಅಳತೆ, ಎಸ್‌ಎಎಸ್ (ಕಂದಾಯ ತಾವೇ ಲೆಕ್ಕ ಹಾಕುವ) ನಮೂನೆ, ಹಳೇ ರಸೀದಿ ಎಲ್ಲ ಒಂದು ಕವರಿನಲ್ಲಿ. ಕವರಿನ ಮೇಲೆ ಆಸ್ತಿ ಸಂಖ್ಯೆ. ಹುಡುಗಿಯರಿಗೆ ಮನೆಗೆ ಹತ್ತು ರೂಪಾಯಿ ನಾನೇ ಕೊಟ್ಟೆ, ಒಟ್ಟು ಎರಡೂವರೆ ಸಾವಿರ ಆಗಿರಬೇಕು. ನಾನು ಖರ್ಚು ಮಾಡಿದ್ದರಲ್ಲಿ ಇದಕ್ಕಿಂತ ಒಳ್ಳೇ ಖರ್ಚು ಇನ್ನೊಂದಿಲ್ಲ.

ಇನ್ನು ಪುರಸಭೆಯಲ್ಲಿ ನಾನು ತಂದ ಠರಾವಿನ (ನಿರ್ಣಯದ) ವಿಷಯ. ಜನ ಕಟ್ಟಿದರೆ ಅವರ ಬೀದಿಗೆ ಏನು ಸಿಗುತ್ತೆ ಅಂತ ತೋರಿಸದೆ ಎರಡನೇ ವರ್ಷ ಯಾರೂ ಕಟ್ಟಲ್ಲ. ಠರಾವು ಇಷ್ಟೇ: 2020-21ರ ವಸೂಲಿಯನ್ನು ಬುಡ ಅಂತ ಇಟ್ಟುಕೊಂಡು, ಅದಕ್ಕಿಂತ ಎಷ್ಟು ಜಾಸ್ತಿ ಬರುತ್ತೋ ಅದರಲ್ಲಿ ಅರ್ಧ ಆಯಾ ವಾರ್ಡಿನ ಕಾಮಗಾರಿಗೇ ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಕಾನೂನಿನ ಮೀಸಲು ನಿಧಿ ತೆಗೆದಿಟ್ಟ ಮೇಲೆ, ಸಮಪಾಲಿನ ಜೊತೆಗೆ ಹೆಚ್ಚಿನದಾಗಿ. ಮೊದಲ ಸಲ ತಂದಾಗ ಬಿದ್ದುಹೋಯಿತು. ಪೇಟೆ ಬೀದಿ ವಾರ್ಡಿಗೆ ಲಾಭ, ಕಾಲೋನಿ ವಾರ್ಡಿಗೆ ನಷ್ಟ ಅಂದರು. ಅದು ನಿಜ ಅಲ್ಲ. ಒಟ್ಟು ವಸೂಲಿ ನೋಡಿದರೆ ನಷ್ಟ, ಏರಿಕೆ ನೋಡಿದರೆ ಯಾರಿಗೂ ನಷ್ಟ ಇಲ್ಲ. ಕಡಿಮೆ ಬರುತ್ತಿದ್ದ ವಾರ್ಡಿಗೇ ಏರಲು ಜಾಸ್ತಿ ಜಾಗ. ಇದನ್ನು 23 ವಾರ್ಡಿನ ಡಿಸಿಬಿ ಹಾಳೆ ಇಟ್ಟು ಒಬ್ಬೊಬ್ಬರ ಮನೆಗೆ ಹೋಗಿ ತೋರಿಸಿದೆ.

ಎರಡನೇ ಸಲ ವಿಷಯ ತಂದ ಜಾಗ ಬದಲಾಯಿಸಿದೆ. ನಾವೆಲ್ಲ ಕೂಗಾಡೋದು ಕೊನೆಯಲ್ಲಿ, ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳಲ್ಲಿ, ಅಲ್ವಾ? ಅಷ್ಟೊತ್ತಿಗೆ ಊಟದ ವಾಸನೆ ಬಂದಿರುತ್ತೆ. ಶುರುವಿನಲ್ಲಿ ಹಿಂದಿನ ನಡವಳಿ, ಆಮೇಲೆ ಜಮಾ-ಖರ್ಚು. ಅದಕ್ಕೆ ಎಲ್ಲರೂ ಓದದೆ "ಒಪ್ಪಿದೆ" ಅಂತಾರೆ. ನಾನು ಜಮಾ-ಖರ್ಚಿನ ಮೇಲೇ ಎದ್ದು ನಿಂತೆ. ಜಮಾ ಇಷ್ಟೇ ಯಾಕೆ ಅಂತ ವಾರ್ಡುವಾರು ಓದಿದೆ. ಓದಿ ಮುಗಿಸೋಷ್ಟರಲ್ಲಿ ಸಭೆ ಪೂರ್ತಿ ಆ ವಿಷಯದಲ್ಲೇ ಇತ್ತು. ಅಜೆಂಡಾದಲ್ಲಿ ನನ್ನ ಠರಾವು ಅದರ ಮುಂದಿನ ವಿಷಯವಾಗಿ ಇರುವಂತೆ ಮುಂಚೆಯೇ ಅರ್ಜಿ ಕೊಟ್ಟಿದ್ದೆ. ಮತ ಹಾಕೋದು ಚುನಾಯಿತರು, ಜೊತೆಗೆ ಶಾಸಕರು, ಸಂಸದರು. ನಾಮನಿರ್ದೇಶಿತರಿಗೆ ಮತ ಇಲ್ಲ ಅಂತ ಅವರನ್ನು ಯಾರೂ ಲೆಕ್ಕಕ್ಕೆ ಇಡಲ್ಲ. ನಾನು ಅವರಲ್ಲಿ ಇಬ್ಬರ ಹತ್ತಿರ ಮೊದಲೇ ಮಾತಾಡಿದ್ದೆ. ಅವರು ಗಟ್ಟಿಯಾಗಿ ಬೆಂಬಲಿಸಿದ್ದರಿಂದ ಅನುಮಾನದಲ್ಲಿದ್ದವರು ವಾಲಿದರು. ಕೈ ಎತ್ತಿಸುವ ಅಗತ್ಯವೇ ಬರಲಿಲ್ಲ. ಆಮೇಲೆ ಕ್ರಿಯಾ ಯೋಜನೆ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹೋಗಿ ಒಂದು ಸಲ ವಾಪಸ್ ಬಂತು. ಹೇಗೆ ಪಾಸಾಯಿತು ಅನ್ನೋದನ್ನು ಇಲ್ಲಿ ಹೇಳಲ್ಲ. ತಿದ್ದಿದ್ದು ಒಂದೇ ಒಂದು ಸಾಲು. ಬೇಕಾದವರು ನೇರವಾಗಿ ಬಂದು ಕೇಳಿ.

2022ರ ಏಪ್ರಿಲ್‌ನಲ್ಲಿ ಒಂದೇ ತಿಂಗಳಲ್ಲಿ ಎರಡೂಕಾಲು ಲಕ್ಷ ಬಂತು. ವರ್ಷ ಮುಗಿಯೋಷ್ಟರಲ್ಲಿ ಐದು ಲಕ್ಷದ ಹತ್ತಿರ. ಏರಿಕೆಯ ಅರ್ಧ, ಸಮಪಾಲು ಸೇರಿ ನಮಗೆ ಮೂರೂಕಾಲು ಲಕ್ಷದ ಕೆಲಸ. ಅರವತ್ತು ಮೀಟರ್ ಒಂದೇ ಉಸಿರಿಗೆ ಆಯಿತು. ಆದರೆ ಚರಂಡಿಯ ಇಳಿಜಾರಿನ ಮಟ್ಟ ತೆಗೆದದ್ದು ಬೇಸಿಗೆಯಲ್ಲಿ, ಎಲ್ಲ ಒಣಗಿದ್ದಾಗ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ಮೇಲೆ ನಮ್ಮ ಕಡೆ ಜೌಗು ಏಳುತ್ತೆ. ಜೌಗಿನ ನೀರು ಕೊನೇ ಹತ್ತು ಮೀಟರಿನಲ್ಲಿ ಹಿಂದಕ್ಕೆ ಬಂತು. ಜನ ನನ್ನ ಮನೆ ಮುಂದೆ ನಿಂತರು. ಗುತ್ತಿಗೆದಾರರ ಕೊನೇ ಬಿಲ್ ಇನ್ನೂ ಪಾಸಾಗಿರಲಿಲ್ಲ. ಹಾಗಾಗಿ ಆ ಹತ್ತು ಮೀಟರ್ ಒಡೆಸಿ ಮತ್ತೆ ಕಟ್ಟಿಸಲು ಆಯಿತು. ನಾಲೆ ಪಕ್ಕದ ವಾರ್ಡಿನವರು ನೀರು ಹರಿಯುವ ಕಾಲದಲ್ಲೇ ಮಟ್ಟ ತೆಗೆಸಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೀದಿ ದೀಪದ ಕಂಬಗಳಿಗೆ ಹಳದಿ ಬಣ್ಣದಲ್ಲಿ ನಂಬರ್ ಬರೆಸಿದೆ, ಬಣ್ಣ, ಕೂಲಿ ಸೇರಿ ಎರಡು ಸಾವಿರ. ಮೊದಲು "ಮಾರಿಗುಡಿ ಹತ್ರ ಲೈಟ್ ಇಲ್ಲ" ಅಂತಿದ್ದರು, ಲೈನ್‌ಮ್ಯಾನ್ ಮಾರಿಗುಡಿ ಸುತ್ತ ಹುಡುಕಬೇಕು. ಈಗ "ಹದಿನೇಳನೇ ಕಂಬ" ಅಂದರೆ ಸಾಕು. ಹಸಿ ಕಸವನ್ನು ಒಂದು ಖಾಲಿ ನಿವೇಶನದಲ್ಲಿ ಗೊಬ್ಬರ ಮಾಡಲು ಹೋದದ್ದು ನಡೆಯಲಿಲ್ಲ. ನಾಯಿ, ಹಂದಿ ಕಾಟ ತಡೆಯಲು ಆಗಲಿಲ್ಲ. ನಿವೇಶನದ ಮಾಲೀಕರು ಬೆಂಗಳೂರಿಂದ ಬಂದು ಜಗಳ ಮಾಡಿದರು. ಆದರೆ ಅದೇ ಜಗಳದಲ್ಲಿ ಅವರ ಖಾಲಿ ನಿವೇಶನದ ಬಾಕಿ ಕಂದಾಯ ಪೂರ್ತಿ ವಸೂಲಾಯಿತು.

2023ರ ಏಪ್ರಿಲ್ ವಿಧಾನಸಭೆ ಚುನಾವಣೆಯ ನೀತಿ ಸಂಹಿತೆಯಲ್ಲಿ ಹೋಯಿತು. 2024ರ ಏಪ್ರಿಲ್ ಲೋಕಸಭೆಯದರಲ್ಲಿ. ಸದಸ್ಯರು ಶಿಬಿರದಲ್ಲಿ ಕೂರುವಂತಿಲ್ಲ. ಅಧ್ಯಕ್ಷರ ಮೊದಲ 30 ತಿಂಗಳು ಮುಗಿದು, ಮುಂದಿನ ಮೀಸಲಾತಿ ಪ್ರಕಟವಾಗಲು 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಮತ್ತೆ ಆಡಳಿತಾಧಿಕಾರಿ. ಈ ಹೊತ್ತಿನಲ್ಲಿ ನಮ್ಮ ಪದ್ಧತಿ ಸತ್ತುಹೋಗುತ್ತೆ ಅಂತ ಅಂದುಕೊಂಡವರೇ ಜಾಸ್ತಿ. ಆದರೆ ಪುಸ್ತಕ ಇದ್ದದ್ದು ಸಂಘದ ಹೆಂಗಸರ ಹತ್ತಿರ. ನಾನಿಲ್ಲದೆಯೇ ಎರಡೂ ವರ್ಷ ನಾಲ್ಕು ಲಕ್ಷಕ್ಕಿಂತ ಕೆಳಗೆ ಇಳಿಯಲಿಲ್ಲ. ಇದು ನನಗೆ ಚರಂಡಿಗಿಂತ ಹೆಚ್ಚಿನ ಹೆಮ್ಮೆ.

2025ರಲ್ಲಿ ಏಪ್ರಿಲ್ ಪೂರ್ತಿ ನಮ್ಮ ಕೈಗೆ ಸಿಕ್ಕಿತು. ಫೆಬ್ರವರಿಯಲ್ಲಿ ಶುರುವಾದ ಅನಧಿಕೃತ ಬಡಾವಣೆಯ ಆಸ್ತಿಗಳಿಗೂ ಖಾತೆ ಕೊಡುವ ಬಿ-ಖಾತಾ ಅಭಿಯಾನವೂ ನೆರವಾಯಿತು. ಖಾತೆಗೆ ಬಂದವರನ್ನು ನಮ್ಮ ಹುಡುಗಿಯರು ಅಲ್ಲೇ ಕೂರಿಸಿ ಬಾಕಿ ಲೆಕ್ಕ ಹಾಕಿಕೊಟ್ಟರು. ಬಾಕಿ ಸೇರಿ ಒಂಬತ್ತು ಲಕ್ಷ ಮುಟ್ಟಿತು. ವಾರ್ಡಿನ ಅತಿ ದೊಡ್ಡ ಬಾಕಿದಾರರೂ ಆ ವರ್ಷವೇ ಕಟ್ಟಿದರು. ಅವರನ್ನು ಒಪ್ಪಿಸಿದ ಬಗೆ ಇಲ್ಲಿ ಬರೆಯಲ್ಲ, ಬರೆದರೆ ಇನ್ನೊಂದು ಸಲ ನಡೆಯಲ್ಲ. ಬೈದಿಲ್ಲ, ನೋಟಿಸ್ ಕೊಡಿಸಿಲ್ಲ, ಅಷ್ಟು ಹೇಳುತ್ತೇನೆ. ಆ ದುಡ್ಡಿನಲ್ಲಿ ಉಳಿದ ಐವತ್ತು ಮೀಟರ್ ಮುಗಿಯಿತು.

ಎಲ್ಲ ಸೇರಿ ಚರಂಡಿಗೆ ಆರು ಲಕ್ಷದ ಮೇಲೆ ಆಯಿತು. ನನ್ನ ಕೈಯಿಂದ ಹೋದದ್ದು ಇಪ್ಪತ್ತೈದು ಸಾವಿರದ ಒಳಗೆ. ಚುನಾವಣೆಗೆ ಖರ್ಚಾದದ್ದಕ್ಕಿಂತ ಎಷ್ಟೋ ಕಡಿಮೆ.

ಹೊಸ ಸಭೆ ಬರುವವರೆಗೆ ಠರಾವು ಕಡತದಲ್ಲೇ ಇರುತ್ತೆ. ಮುಂದೆ ಗೆದ್ದವರು ಬುಡದ ವರ್ಷವನ್ನು ಬದಲಾಯಿಸಲು ಬಿಡಬೇಡಿ. ಪ್ರತಿ ವರ್ಷ ಬುಡ ಮೇಲಕ್ಕೆ ತಳ್ಳಿದರೆ ಏರಿಕೆಯೇ ಉಳಿಯಲ್ಲ. ಬಜೆಟ್ ಪೂರ್ವಭಾವಿ ಸಭೆಗೆ ಮುಂಚೆ ಡಿಸೆಂಬರ್‌ವರೆಗಿನ ವಾರ್ಡುವಾರು ಡಿಸಿಬಿಯ ಸಹಿ ಮಾಡಿದ ನಕಲು ತೆಗೆದುಕೊಳ್ಳಿ. ಬಾಯಿಮಾತಿನ ಲೆಕ್ಕ ಸಭೆಯಲ್ಲಿ ನಿಲ್ಲಲ್ಲ. ಸಂಘದ ಪುಸ್ತಕವನ್ನು ಗೌರಿ ಹಬ್ಬಕ್ಕೇ ಶುರು ಮಾಡಿ, ದೀಪಾವಳಿಗೆ ಬಿಟ್ಟರೆ ಏಪ್ರಿಲ್‌ಗೆ ದುಡ್ಡು ಸಾಲಲ್ಲ.