ಇವಿ ಕಾರು, ಗೃಹಜ್ಯೋತಿ ಮತ್ತು ನಮ್ಮ ಮನೆ ಕರೆಂಟ್ ಬಿಲ್

ಎಲೆಕ್ಟ್ರಿಕ್ ಕಾರು ಅಂದರೆ ಸಾಕು, ಕಿಲೋಮೀಟರಿಗೆ ಒಂದೇ ರೂಪಾಯಿ ಅಂತಾರೆ ಎಲ್ಲರೂ. ನನಗೆ ಬೀಳುತ್ತಿರುವುದು ಎರಡೂವರೆ ರೂಪಾಯಿ. ನನ್ನದು ಟಿಯಾಗೊ ಇವಿ, 24 ಯೂನಿಟ್ ಬ್ಯಾಟರಿಯದು. ತುಮಕೂರಿನ ಕ್ಯಾತ್ಸಂದ್ರದಿಂದ ಗುಬ್ಬಿಗೆ ಕೆಲಸಕ್ಕೆ ಹೋಗಿ ಬರುವುದು, ತಿಂಗಳಿಗೆ ಸುಮಾರು ಸಾವಿರ ಕಿ.ಮೀ.

ಮೀಟರಿನಲ್ಲಿ ಒಂದು ಯೂನಿಟ್ ಸುತ್ತಿದರೆ ಕಾರು ಏಳು ಕಿ.ಮೀ. ಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬಲು ಮೀಟರ್ 27ರ ಹತ್ತಿರ ತೋರಿಸುತ್ತದೆ, ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಬೆಸ್ಕಾಂನ 2025-26ರ ದರ ಯೂನಿಟ್‌ಗೆ 5.80 ರೂಪಾಯಿ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಅಂತ 36 ಪೈಸೆ, ಮೇಲೆ ತೆರಿಗೆ. ಎಲ್ಲ ಸೇರಿ 6.70ರ ಆಸುಪಾಸು. ಇಲ್ಲಿಯವರೆಗೆ ಒಂದು ರೂಪಾಯಿ ಲೆಕ್ಕ ಸರಿಯೇ.

ಆದರೆ ಗೃಹಜ್ಯೋತಿ, ಅದೇ ಸರ್ಕಾರದ ಫ್ರೀ ಕರೆಂಟ್ ಯೋಜನೆ, ಇದೆಯಲ್ಲ! ನಮ್ಮ ಮನೆ ಬಳಕೆ 120 ಯೂನಿಟ್. ಕಾರು ಬರುವ ಮುಂಚೆ ಬಿಲ್ ಸೊನ್ನೆ. ಕಾರಿನ 143 ಯೂನಿಟ್ ಸೇರಿದ ಮೇಲೆ 260 ದಾಟಿತು. 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅಂದರೆ ಫ್ರಿಜ್ಜು, ಮಿಕ್ಸಿ, ಟಿವಿ ಕರೆಂಟೂ ಕಾರಿನ ಖಾತೆಗೇ ಬಂತು. ಚಾರ್ಜರ್‌ಗೆಂದು ಲೋಡ್ 5 ಕಿಲೋವ್ಯಾಟ್‌ಗೆ ಏರಿಸಿದ್ದೆ. ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕವೇ 725. ಎಲ್ಲ ಸೇರಿ ಎರಡೂವರೆ ಸಾವಿರ. "ಫ್ರೀ ಕರೆಂಟ್ ಬಿಟ್ಟು ಇದ್ಯಾವ ಉಳಿತಾಯ ಭಾವ?" ಅಂತ ಬಾಮೈದ ನಕ್ಕ. ಅದೇ ಸಾವಿರ ಕಿ.ಮೀ.ಗೆ ಅವನ ಪೆಟ್ರೋಲ್ ಕಾರು ಲೀಟರಿಗೆ 16 ಕೊಟ್ಟರೂ ಆರು ಸಾವಿರದ ಮೇಲೆ ಕುಡಿಯುತ್ತದೆ. ಆ ಲೆಕ್ಕ ಕೇಳಿ ಸುಮ್ಮನಾದ.

ತಿಂಗಳಿಗೆ 500 ಕಿ.ಮೀ. ಮಾತ್ರ ಓಡಿಸುವವರು 200ರ ಒಳಗೇ ಉಳಿಯಬಹುದು. ಹಾಗಾಗಿ ಕಾರು ನೋಡುವ ಮೊದಲು ಹಳೆ ಬಿಲ್ ನೋಡಿ. ಅದರಲ್ಲಿ ನಿಮ್ಮ ಅರ್ಹ ಯೂನಿಟ್, ಅಂದರೆ ನಿಮಗೆ ಫ್ರೀ ಸಿಗುವ ಮಿತಿ, ಎಷ್ಟು ಅಂತ ಇರುತ್ತದೆ. ಅದಕ್ಕಿಂತ ಜಾಸ್ತಿ, ಆದರೆ 200ರ ಒಳಗೆ ಇದ್ದರೆ, ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು.

ಇನ್ನೊಂದು ವಿಷಯ ಅರ್ಥಿಂಗ್. ಹಳೆ ಮನೆಯಾದರೆ 15 ಆಂಪ್ಸ್ ಸಾಕೆಟ್ ಇದ್ದರೂ ಚಾರ್ಜರ್‌ನ ಕೆಂಪು ದೀಪ ಹತ್ತಿ ಕೂರುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಎಲೆಕ್ಟ್ರಿಷಿಯನ್ ಬಂದು ಕಾಂಪೌಂಡ್ ಪಕ್ಕ ಹೊಸ ಗುಂಡಿ ತೋಡಿ, ಪೈಪ್ ಇಳಿಸಿ, ಉಪ್ಪು ಇದ್ದಿಲು ತುಂಬಿದರು. "ಬೇಸಿಗೇಲಿ ನೀರು ಹಾಕ್ತಾ ಇರಿ ಸಾರ್" ಅಂದರು. ಏಪ್ರಿಲ್ ಬಿಸಿಲಿಗೆ ಮಣ್ಣು ಒಣಗಿ ಮತ್ತೆ ಕೆಂಪು ದೀಪ. ಒಂದು ಬಿಂದಿಗೆ ನೀರು ಸುರಿದೆ, ಸ್ವಲ್ಪ ಹೊತ್ತಿಗೆ ಹಸಿರಾಯಿತು.

ತೆರಿಗೆ ವಿಷಯಕ್ಕೆ ಬಂದರೆ, 2023ರಲ್ಲಿ ನಾನು ಕೊಂಡಾಗ ಇವಿಗೆ ರಾಜ್ಯದಲ್ಲಿ ಜೀವಾವಧಿ ತೆರಿಗೆ ಇರಲಿಲ್ಲ. ಒಂಬತ್ತು ಲಕ್ಷದ ಪೆಟ್ರೋಲ್ ಕಾರಾಗಿದ್ದರೆ 14 ಪರ್ಸೆಂಟ್, ಅಂದರೆ 1.26 ಲಕ್ಷ, ಮೇಲೆ ಸೆಸ್. ಇವಿ ಬೆಲೆ ಜಾಸ್ತಿ ಅನ್ನುವವರು ಎಕ್ಸ್‌ಶೋರೂಂ ಬೆಲೆ ಮಾತ್ರ ಹೋಲಿಸುತ್ತಾರೆ. ಹೋಲಿಸಬೇಕಾದ್ದು ಆನ್‌ರೋಡ್ ಬೆಲೆ, ಅಲ್ವಾ? 2024ರಲ್ಲಿ 25 ಲಕ್ಷ ಮೀರಿದ ಇವಿಗಳಿಗೆ 10 ಪರ್ಸೆಂಟ್ ಹಾಕಿದರು. ತೆರಿಗೆ ಹೀಗೆ ಬದಲಾಗುವುದರಿಂದ ಬುಕ್ ಮಾಡುವ ದಿನದ ದರವನ್ನು ಆರ್‌ಟಿಒದಲ್ಲೇ ಕೇಳಿಕೊಳ್ಳಿ.

ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಭಾಗಕ್ಕೆ ಮಾತ್ರ 15 ಪರ್ಸೆಂಟ್ ರಿಯಾಯಿತಿ. ಆಯಿಲ್ ಚೇಂಜ್ ಗೋಜಿಲ್ಲ. ದಾರಿಯಲ್ಲಿ ಫಾಸ್ಟ್ ಚಾರ್ಜರ್‌ಗೆ ಹಾಕಿದರೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಮನೆ ದರದ ಮೂರು ಪಟ್ಟು ಆಗುವುದುಂಟು. ಬೆಂಗಳೂರಿಗೆ 70 ಕಿ.ಮೀ., ಹೋಗಿ ಬಂದರೂ ಒಂದೇ ಚಾರ್ಜ್ ಸಾಕು, ಹಾಗಾಗಿ ನಾನು ಅದರ ತಂಟೆಗೇ ಹೋಗುವುದಿಲ್ಲ. ಹೆದ್ದಾರಿ ಟೋಲ್ ಮಾತ್ರ ಇವಿಯ ಹಸಿರು ನಂಬರ್ ಪ್ಲೇಟ್ ಇದ್ದರೂ ಬಿಡುವುದಿಲ್ಲ, ಬಾಮೈದನಷ್ಟೇ ನಾನೂ ಕಟ್ಟುತ್ತೇನೆ.